5/7/2025 ಅಂದ್ರೆ ಯಾವತ್ತು?

ಆಗಸ್ಟ್ 10, ಭಾನುವಾರ. ರಾತ್ರಿ ಹತ್ತೂಕಾಲಿಗೆ ಫೋನ್ ಬಂತು. ಊರಿನ ಒಂದು ಆಸ್ಪತ್ರೆಯಲ್ಲಿ ಯಾರಿಗೋ ಓ ನೆಗೆಟಿವ್ ರಕ್ತ ಬೇಕಿತ್ತು, ನಿಮ್ಮ ಕಾಲೇಜಲ್ಲಿ ಯಾರಾದ್ರೂ ಇದ್ದಾರಾ ಅಂತ ಕೇಳಿದ್ರು. ನಮ್ಮ ಕಾಲೇಜಿನ ರಕ್ತದಾನಿಗಳ ಪಟ್ಟಿ ನೋಡಿಕೊಳ್ಳೋ ಕೆಲಸ ಈ ವರ್ಷ ನನ್ನ ಪಾಲಿಗೆ ಬಂದಿದೆ. ಗೂಗಲ್ ಫಾರ್ಮ್‌ನಲ್ಲಿ ತುಂಬಿಸಿಕೊಂಡ ನಾನೂರು ಚಿಲ್ಲರೆ ಹೆಸರುಗಳು. ರಜೆಯಲ್ಲಿ ಅದಕ್ಕೊಂದು ಪುಟ್ಟ ಪೈಥಾನ್ ಪ್ರೋಗ್ರಾಂ ಬರೆದಿದ್ದೆ: ರಕ್ತದ ಗುಂಪು ಕೊಟ್ಟರೆ ಸಾಕು, ಇವತ್ತು ಯಾರು ಯಾರು ಕೊಡಬಹುದು ಅಂತ ಹೇಳುತ್ತೆ. ಒಮ್ಮೆ ರಕ್ತ ಕೊಟ್ಟ ಮೇಲೆ ಗಂಡಸರು 90 ದಿನ, ಹೆಂಗಸರು 120 ದಿನ ಬಿಡಬೇಕು ಅನ್ನೋದು ನಮ್ಮ ದೇಶದ ನಿಯಮ. ಪ್ರೋಗ್ರಾಂ ಮಾಡೋದು ಇಷ್ಟೇ, ಇವತ್ತಿನ ತಾರೀಖಿನಿಂದ ಕೊನೆಯ ದಾನದ ತಾರೀಖು ಕಳೆಯೋದು.

ಓ ನೆಗೆಟಿವ್ ಅಂತ ಕೊಟ್ಟೆ. ಒಂದೇ ಹೆಸರು ಬಂತು. ಮೆಕ್ಯಾನಿಕಲ್ ಫೈನಲ್ ಇಯರ್ ಸೀನಿಯರ್, ಕೊನೆಯ ದಾನ 95 ದಿನದ ಹಿಂದೆ. ಫೋನ್ ಮಾಡಿದೆ. ಪಾಪ, ಒಂದು ಮಾತೂ ಆಡದೆ ಯಾರದ್ದೋ ಬೈಕ್ ಇಸ್ಕೊಂಡು ಮಳೆಯಲ್ಲೇ ಹೋದರು. ಹನ್ನೊಂದೂವರೆಗೆ ವಾಪಸ್ ಫೋನ್. "ಏನಮ್ಮಾ, ನಾನು ಹೋದ ತಿಂಗಳು 5ನೇ ತಾರೀಖು ಕೊಟ್ಟಿದ್ದೀನಲ್ಲ. ಇಲ್ಲಿ ಆಗಲ್ಲ ಅಂತಿದ್ದಾರೆ. ಲಿಸ್ಟ್ ಲೆಕ್ಕ ಹಾಕಿರುತ್ತೆ ಅಂತ ನಾನೂ ಯೋಚ್ನೆ ಮಾಡ್ಲಿಲ್ಲ."

ಅವರು ಫಾರ್ಮ್‌ನಲ್ಲಿ ಬರೆದಿದ್ದು 5/7/2025. ಜುಲೈ 5. ಅಂದ್ರೆ ಬರೀ 36 ದಿನ. ನನ್ನ ಪ್ರೋಗ್ರಾಂ ಅದನ್ನ ಮೇ 7 ಅಂತ ಓದಿತ್ತು. ಮೇ 7ರಿಂದ ಆಗಸ್ಟ್ 10ಕ್ಕೆ 95 ದಿನ. ಕಳೆಯೋ ಲೆಕ್ಕ ಸರಿಯಾಗೇ ಇತ್ತು ನೋಡಿ!

ಇನ್ನೂ ಒಂದಿದೆ. ನಾನು ಗಾಬರಿಯಲ್ಲಿ ಗ್ರೂಪಿಗೆ ಮೆಸೇಜ್ ಹಾಕಿದಾಗ, ನನ್ನ ರೂಮಿಂದ ಎರಡು ಬಾಗಿಲು ಆಚೆ ಇರೋ ಸಿವಿಲ್‌ನ ಹುಡುಗಿ ಬಂದು ನಿಂತಳು. "ಲೇ, ನಂದೂ ಓ ನೆಗೆಟಿವ್ ಕಣೇ. ನನ್ನ ಹೆಸರು ಇಲ್ವಾ ಅದರಲ್ಲಿ?" ಇತ್ತು. ಅವಳು ಬರೆದಿದ್ದು 12/3/2025, ಮಾರ್ಚ್ 12. ಪ್ರೋಗ್ರಾಂ ಓದಿದ್ದು ಡಿಸೆಂಬರ್ 3. ಕಳೆದರೆ ಮೈನಸ್ 115 ದಿನ. ಮೈನಸ್ ಸಂಖ್ಯೆ 120ಕ್ಕಿಂತ ಕಮ್ಮಿ, ಹಾಗಾಗಿ "ಈಗ ಕೊಡುವಂತಿಲ್ಲ" ಅಂತ ಅವಳ ಹೆಸರನ್ನ ಬದಿಗಿಟ್ಟಿತ್ತು. ನಿಜವಾಗಿ 151 ದಿನ ಆಗಿತ್ತು. ವಾರ್ಡನ್ ಮೇಡಂನ ಎಬ್ಬಿಸಿ, ಪರ್ಮಿಷನ್ ಕೇಳಿ, ಆಟೋ ಹಿಡಿದು ಹೋಗಿ, ಅವಳು ಕೊಟ್ಟು ವಾಪಸ್ ಬಂದಾಗ ರಾತ್ರಿ ಎರಡು ಗಂಟೆ. ಆ ದಿನ ನನಗೆ ನಿದ್ದೆ ಬರಲಿಲ್ಲ ಅಂತ ಬೇರೆ ಹೇಳಬೇಕಾ?

ಈ ಸಲದ ಸಂಚಿಕೆಗೆ "ಏನಾದ್ರೂ ಟೆಕ್ನಿಕಲ್ ಬರೀ" ಅಂದಾಗ ನನಗೆ ಹೊಳೆದಿದ್ದು ಇದೇ. ತಾರೀಖಿನ ಪಠ್ಯವನ್ನ ಕಂಪ್ಯೂಟರ್ ತಾರೀಖಾಗಿ ಮಾಡೋದು ಹೇಗೆ, ಎಲ್ಲಿ ಕೈ ಕೊಡುತ್ತೆ ಅಂತ. ಉದಾಹರಣೆಗಳು ಪೈಥಾನ್‌ನವು, ಫಸ್ಟ್ ಇಯರ್‌ನಲ್ಲಿ ಎಲ್ಲರೂ ಮುಟ್ಟಿರೋ ಭಾಷೆ ಅಂತ. ಹೆಸರುಗಳನ್ನ ಕನ್ನಡ ಲಿಪಿಯಲ್ಲೇ ಬರೆದಿದ್ದೀನಿ, ಓದುವಾಗ ಬಾಯಲ್ಲಿ ಹೇಗೆ ಹೇಳ್ತೀವೋ ಹಾಗೆ.

ಮೊದಲು ಒಂದು ವ್ಯತ್ಯಾಸ ಮನಸ್ಸಲ್ಲಿ ಇಟ್ಕೊಳ್ಳಿ. 5/7/2025 ಅಂತ ಟೈಪ್ ಮಾಡಿದಾಗ ಕಂಪ್ಯೂಟರ್ ಹತ್ರ ಇರೋದು ಎಂಟು ಅಕ್ಷರ, ಒಂದು ಸ್ಟ್ರಿಂಗ್. ಅದರಿಂದ ದಿನ ಕಳೆಯೋಕಾಗಲ್ಲ. ಅದನ್ನ ಸಾಲಾಗಿ ಜೋಡಿಸು ಅಂದ್ರೂ ಅಕ್ಷರ ನೋಡಿ ಜೋಡಿಸುತ್ತೆ: 10/8/2025 ಮೊದಲು, 5/7/2025 ಆಮೇಲೆ, ಯಾಕಂದ್ರೆ 1 ಅನ್ನೋ ಅಕ್ಷರ 5ಕ್ಕಿಂತ ಮುಂಚೆ ಬರುತ್ತೆ. ನಮಗೆ ಬೇಕಾಗಿರೋದು ವರ್ಷ, ತಿಂಗಳು, ದಿನ ಅಂತ ಮೂರು ಪೂರ್ಣಾಂಕಗಳನ್ನ ಬೇರೆ ಬೇರೆ ಇಟ್ಕೊಂಡಿರೋ ಒಂದು ಮೌಲ್ಯ. ಪೈಥಾನ್‌ನಲ್ಲಿ ಅದು ಡೇಟ್, ಗಂಟೆ ನಿಮಿಷ ಸೇರಿದರೆ ಡೇಟ್‌ಟೈಮ್. ಇವನ್ನ ಹೋಲಿಸಬಹುದು, ಕಳೆಯಬಹುದು, ಒಂದು ವಾರ ಕೂಡಿಸಬಹುದು. ಸ್ಟ್ರಿಂಗ್‌ನಿಂದ ಈ ಮೌಲ್ಯಕ್ಕೆ ಹೋಗೋ ಕೆಲಸಕ್ಕೇ ಪಾರ್ಸ್ ಮಾಡೋದು ಅನ್ನೋದು.

ಈಗ ಕಷ್ಟ ಎಲ್ಲಿ ಅಂದ್ರೆ, ಮೂರು ಸಂಖ್ಯೆಗಳಲ್ಲಿ ಯಾವುದು ದಿನ ಯಾವುದು ತಿಂಗಳು ಅನ್ನೋ ಮಾಹಿತಿ ಆ ಎಂಟು ಅಕ್ಷರದ ಒಳಗೆ ಇಲ್ಲ. ಅದು ಬರೆದವರ ತಲೆಯಲ್ಲಿದೆ. ನಾವು ಇಲ್ಲಿ ದಿನ ಮೊದಲು ಬರೀತೀವಿ, ಅಮೆರಿಕದವರು ತಿಂಗಳು ಮೊದಲು ಬರೀತಾರೆ. ನಾವು ಬಳಸೋ ಎಷ್ಟೋ ಲೈಬ್ರರಿಗಳು ಏನೂ ಹೇಳದಿದ್ದರೆ ಅವರ ಕ್ರಮವನ್ನೇ ಹಿಡಿಯುತ್ತವೆ.

ನನ್ನ ತಪ್ಪು ಹೇಗಾಯ್ತು ಅಂತ ನಿಧಾನವಾಗಿ ಹೇಳ್ತೀನಿ, ಯಾಕಂದ್ರೆ ನಿಮ್ಮಲ್ಲಿ ಅರ್ಧ ಜನ ಇದೇ ಮಾಡ್ತೀರ. ಫೈಲನ್ನ ಪಾಂಡಾಸ್‌ನಲ್ಲಿ ತೆರೆದು, ತಾರೀಖಿನ ಕಾಲಂನ ಟು-ಡೇಟ್‌ಟೈಮ್ ಅನ್ನೋ ಫಂಕ್ಷನ್‌ಗೆ ಕೊಟ್ಟೆ. ಎರರ್ ಬಂತು. ಪಾಂಡಾಸ್ 2ನೇ ಆವೃತ್ತಿಯಿಂದ ಈಚೆಗೆ ಅದು ಮೊದಲ ಸಾಲು ನೋಡಿ ಒಂದು ಫಾರ್ಮ್ಯಾಟ್ ಊಹಿಸುತ್ತೆ, ಉಳಿದ ಎಲ್ಲ ಸಾಲೂ ಅದೇ ಫಾರ್ಮ್ಯಾಟ್‌ನಲ್ಲಿ ಇರಬೇಕು ಅನ್ನುತ್ತೆ. ನನ್ನ ಮೊದಲ ಸಾಲು ನೋಡಿ ತಿಂಗಳು ಮೊದಲು ಅಂತ ಊಹಿಸಿತು. ಮುಂದೆ ಎಲ್ಲೋ 13/7/2025 ಸಿಕ್ಕಾಗ, 13ನೇ ತಿಂಗಳು ಎಲ್ಲಿದೆ ಅಂತ ನಿಂತಿತು. ಎರರ್ ಮೆಸೇಜ್‌ನಲ್ಲೇ ಪರಿಹಾರಗಳ ಪಟ್ಟಿ ಇತ್ತು. ಅದರಲ್ಲಿ ಒಂದು, ಫಾರ್ಮ್ಯಾಟ್ ಅಂದ್ರೆ "ಮಿಕ್ಸ್ಡ್" ಅಂತ ಕೊಡು, ಪ್ರತಿ ಸಾಲನ್ನೂ ಬೇರೆ ಬೇರೆಯಾಗಿ ಊಹಿಸ್ತೀನಿ ಅಂತ. ಕೊಟ್ಟೆ. ಎರರ್ ಮಾಯ. ಖುಷಿಯಾಗಿ ಚಹಾ ಕುಡಿಯೋಕೆ ಹೋದೆ. ಅದೇ ಮೆಸೇಜಿನ ಕೊನೆಯಲ್ಲಿ, ಇದರ ಜೊತೆ "ಡೇ-ಫಸ್ಟ್" ಕೂಡ ಬೇಕಾಗಬಹುದು ಅಂತಲೂ ಬರೆದಿತ್ತು. ಅಲ್ಲಿವರೆಗೆ ಓದುವಷ್ಟು ತಾಳ್ಮೆ ಯಾರಿಗಿರುತ್ತೆ.

ಮಿಕ್ಸ್ಡ್ ಅಂದಾಗ ಆಗೋದು ಹೀಗೆ. ಮೊದಲ ಸಂಖ್ಯೆ 12 ಅಥವಾ ಅದಕ್ಕಿಂತ ಕಮ್ಮಿ ಇದ್ದರೆ ಅದನ್ನ ತಿಂಗಳು ಅಂದ್ಕೊಳ್ಳುತ್ತೆ. 12 ದಾಟಿದ್ದರೆ ಇದು ತಿಂಗಳಾಗೋಕೆ ಸಾಧ್ಯವಿಲ್ಲ ಅಂತ ಅದಲು ಬದಲು ಮಾಡಿ ದಿನ ಅಂದ್ಕೊಳ್ಳುತ್ತೆ. ಹಾಗಾಗಿ 13/7/2025 ಸರಿಯಾಗಿ ಜುಲೈ 13 ಆಯ್ತು, 5/7/2025 ತಪ್ಪಾಗಿ ಮೇ 7 ಆಯ್ತು. ಒಂದೇ ಕಾಲಂ, ಒಂದೇ ಜನ ಬರೆದಿದ್ದು, ಎರಡು ಕ್ರಮ. ನಾನು ಟೆಸ್ಟ್ ಮಾಡಿದ್ದು ನನ್ನದೇ ಸಾಲು, 21/2/2025. ಅದು ಯಾವತ್ತೂ ತಪ್ಪಾಗೋದೇ ಇಲ್ಲ.

ಎಷ್ಟು ದಿನ ಹೀಗೆ ತಪ್ಪಾಗುತ್ತೆ ಅಂತ ಆಮೇಲೆ ಲೆಕ್ಕ ಹಾಕಿದೆ. ಪ್ರತಿ ತಿಂಗಳ ಮೊದಲ 12 ದಿನ ಗೊಂದಲದವು, ಹನ್ನೆರಡು ಹನ್ನೆರಡಲಿ 144. ಅದರಲ್ಲಿ 1/1, 2/2, 3/3 ಹೀಗೆ 12 ದಿನ ಹೇಗೆ ಓದಿದರೂ ಒಂದೇ. ಉಳಿದಿದ್ದು 132. ವರ್ಷದ 365 ದಿನದಲ್ಲಿ 132 ದಿನ ಸದ್ದಿಲ್ಲದೆ ತಪ್ಪು, 233 ದಿನ ಸರಿ. ಪೂರ್ತಿ ತಪ್ಪಿದ್ದರೆ ಮೊದಲ ದಿನವೇ ಗೊತ್ತಾಗ್ತಿತ್ತು. ಮೂರರಲ್ಲಿ ಎರಡು ಭಾಗ ಸರಿ ಇರೋದ್ರಿಂದಲೇ ಯಾರ ಕಣ್ಣಿಗೂ ಬೀಳಲ್ಲ.

ಸರಿಯಾದ ದಾರಿ ಏನೂ ಕಷ್ಟ ಇಲ್ಲ, ಊಹಿಸೋಕೆ ಬಿಡದೆ ನಾವೇ ಹೇಳೋದು. ಪೈಥಾನ್‌ನಲ್ಲಿ ಇದಕ್ಕೆ ಸ್ಟ್ರಪ್‌ಟೈಮ್ ಇದೆ. ಮೊದಲು ಸ್ಟ್ರಿಂಗ್, ಆಮೇಲೆ ಅದರ ನಕ್ಷೆ. ನಕ್ಷೆಯಲ್ಲಿ ಪರ್ಸೆಂಟ್ ಡಿ ಅಂದ್ರೆ ದಿನ, ಪರ್ಸೆಂಟ್ ಎಂ ಅಂದ್ರೆ ತಿಂಗಳು, ಪರ್ಸೆಂಟ್ ವೈ ಅಂದ್ರೆ ವರ್ಷ, ನಡುವೆ ಅಡ್ಡಗೀಟು ಎಲ್ಲಿದೆಯೋ ಅಲ್ಲಿ ಅಡ್ಡಗೀಟು. ನಕ್ಷೆಗೆ ಹೊಂದದ ಸ್ಟ್ರಿಂಗ್ ಬಂದರೆ ವ್ಯಾಲ್ಯೂ ಎರರ್ ಕೊಟ್ಟು ನಿಲ್ಲುತ್ತೆ. ದಿನ ಮೊದಲು ಅಂತ ಹೇಳಿಬಿಟ್ಟರೆ 5/7/2025 ಜುಲೈ 5 ಮಾತ್ರ ಆಗುತ್ತೆ. 5ರ ಹಿಂದೆ ಸೊನ್ನೆ ಇಲ್ಲದಿದ್ದರೂ ಓದಿಕೊಳ್ಳುತ್ತೆ, ಅದಕ್ಕೆ ಚಿಂತೆ ಬೇಡ.

ಆದ್ರೆ ಸ್ಟ್ರಪ್‌ಟೈಮ್ ಬಳಸಿದ ಮಾತ್ರಕ್ಕೆ ಗೆದ್ದೆವು ಅಂತಲ್ಲ. ನಾನು ಅಲ್ಲೂ ನಾಲ್ಕು ಸಲ ಬಿದ್ದೆ.

ಮೊದಲನೇದು ಸಣ್ಣ ಎಂ, ದೊಡ್ಡ ಎಂ. ಕನ್ನಡದಲ್ಲಿ ಈ ತಲೆನೋವೇ ಇಲ್ಲ, ಇಂಗ್ಲಿಷಲ್ಲಿ ಇದೆ. ಸಣ್ಣ ಎಂ ತಿಂಗಳು, ದೊಡ್ಡ ಎಂ ನಿಮಿಷ. ತಿಂಗಳ ಜಾಗದಲ್ಲಿ ಅಪ್ಪಿತಪ್ಪಿ ದೊಡ್ಡ ಎಂ ಹಾಕಿದರೆ 05/07/2025 ಏನಾಗುತ್ತೆ ಗೊತ್ತಾ? 2025ರ ಜನವರಿ 5, ಮಧ್ಯರಾತ್ರಿ 12 ಗಂಟೆ 7 ನಿಮಿಷ. ತಿಂಗಳು ಹೇಳದೇ ಇದ್ದಿದ್ದಕ್ಕೆ ಜನವರಿ ಅಂತ ತಾನೇ ತುಂಬಿಕೊಳ್ಳುತ್ತೆ. ಎರರ್ ಇಲ್ಲ, ವಾರ್ನಿಂಗ್ ಇಲ್ಲ.

ಎರಡನೇದು ವರ್ಷ ಬರೆಯದವರು. ಎಷ್ಟೋ ಜನ ಬರೀ ಜುಲೈ 5 ಅಂತ ಬರೆದಿದ್ದರು. ದಿನ ಮತ್ತು ತಿಂಗಳು ಮಾತ್ರ ಇರೋ ನಕ್ಷೆ ಕೊಟ್ಟರೆ ಸ್ಟ್ರಪ್‌ಟೈಮ್ ವರ್ಷದ ಜಾಗಕ್ಕೆ 1900 ಹಾಕುತ್ತೆ. ನನ್ನ ಪಟ್ಟಿಯ ಪ್ರಕಾರ ನಮ್ಮ ಕಾಲೇಜಿನ ಹುಡುಗನೊಬ್ಬ 125 ವರ್ಷದ ಹಿಂದೆ ರಕ್ತ ಕೊಟ್ಟಿದ್ದ. 90 ದಿನ ದಾಟಿದೆ, ಇವತ್ತು ಕೊಡಬಹುದು! ಇದರಲ್ಲೇ ಒಂದು ತಮಾಷೆ ಇದೆ. 1900 ಅಧಿಕ ವರ್ಷ ಅಲ್ಲ, ಹಾಗಾಗಿ ಫೆಬ್ರವರಿ 29 ಅಂತ ಬರೆದವರ ಸಾಲು ಮಾತ್ರ ಎರರ್ ಕೊಡುತ್ತೆ.

ಮೂರನೇದು ಎರಡಂಕಿಯ ವರ್ಷ. 5/7/25 ಅಂತ ಬರೆಯೋರಿಗೆ ಸಣ್ಣ ವೈ ಬಳಸಬೇಕು. ಅದರ ನಿಯಮ: 00ರಿಂದ 68ರವರೆಗೆ 2000ದ ಶತಮಾನ, 69ರಿಂದ 99ರವರೆಗೆ 1900ರ ಶತಮಾನ. ದಾನದ ತಾರೀಖಿಗೆ ಇದು ಸಾಕು. ಆದ್ರೆ ಇದೇ ಕೋಡನ್ನ ಹುಟ್ಟಿದ ತಾರೀಖಿಗೆ ಬಳಸಿದರೆ, 58ರಲ್ಲಿ ಹುಟ್ಟಿದ ನಮ್ಮ ತಾತ 2058ರಲ್ಲಿ ಹುಟ್ಟಬೇಕಾಗುತ್ತೆ.

ನಾಲ್ಕನೇದಕ್ಕೆ ನಾನು ಕ್ಷಮೆ ಕೇಳಬೇಕು. ಫಾರ್ಮ್‌ನಲ್ಲಿ "ಯಾವ ಹೊತ್ತಿಗೆ ಫೋನ್ ಮಾಡಬಹುದು" ಅನ್ನೋ ಕಾಲಂ ಇತ್ತು. ಒಬ್ಬರು 05:30 ಪಿಎಂ ಅಂತ ಬರೆದಿದ್ದರು. ಗಂಟೆಗೆ ಎರಡು ಗುರುತು ಇದೆ: ದೊಡ್ಡ ಎಚ್ ಅಂದ್ರೆ 24 ಗಂಟೆಯ ಲೆಕ್ಕ, ದೊಡ್ಡ ಐ ಅಂದ್ರೆ 12 ಗಂಟೆಯ ಲೆಕ್ಕ. ಎಎಂ ಪಿಎಂಗೆ ಪರ್ಸೆಂಟ್ ಪಿ. ನಾನು ಎಚ್ ಜೊತೆ ಪಿ ಹಾಕಿದ್ದೆ. ಪಿ ಕೆಲಸ ಮಾಡೋದು ಐ ಜೊತೆ ಇದ್ದಾಗ ಮಾತ್ರ. ಎಚ್ ಜೊತೆ ಇದ್ದರೆ ಪಿಎಂ ಅನ್ನೋ ಅಕ್ಷರಗಳನ್ನ ಓದಿ ಸುಮ್ಮನಾಗುತ್ತೆ, ಗಂಟೆಗೆ 12 ಕೂಡಿಸಲ್ಲ. ನಾನು ಅವರಿಗೆ ಬೆಳಗ್ಗೆ ಐದೂವರೆಗೆ ಫೋನ್ ಮಾಡಿದೆ. ಅವರು ಏನಂದ್ರು ಅನ್ನೋದು ಪತ್ರಿಕೆಯಲ್ಲಿ ಬರೆಯುವಂಥದ್ದಲ್ಲ.

ಜಾವಾ ಕಲಿಯೋರಿಗೆ ಒಂದು ಮಾತು. ಅಲ್ಲಿನ ಹಳೆಯ ಸಿಂಪಲ್ ಡೇಟ್ ಫಾರ್ಮ್ಯಾಟ್ ಇನ್ನೂ ಧಾರಾಳಿ. 30/02/2025 ಕೊಟ್ಟರೆ ಬೈಯ್ಯಲ್ಲ, ಮಾರ್ಚ್ 2 ಅಂತ ತಿದ್ದಿ ಕೊಡುತ್ತೆ. ಅದನ್ನ ಕಟ್ಟುನಿಟ್ಟು ಮಾಡೋಕೆ ಸೆಟ್-ಲೀನಿಯೆಂಟ್ ಅನ್ನೋದನ್ನ ಫಾಲ್ಸ್ ಮಾಡಬೇಕು. ಅದಕ್ಕಿಂತ 2014ರಲ್ಲಿ ಜಾವಾ 8ರ ಜೊತೆ ಬಂದ ಹೊಸ ಟೈಮ್ ಪ್ಯಾಕೇಜ್ ಬಳಸೋದೇ ಒಳ್ಳೇದು. ಜಾವಾಸ್ಕ್ರಿಪ್ಟ್‌ನಲ್ಲಿ ಗೆಟ್-ಮಂತ್ ಜನವರಿಗೆ 0 ಕೊಡುತ್ತೆ ಅನ್ನೋದು ವೆಬ್ ಪ್ರಾಜೆಕ್ಟ್ ಮಾಡಿದವರಿಗೆಲ್ಲ ಗೊತ್ತು, ಬಿಡಿ.

ಈಗ ನಮ್ಮ ಸಂಘಕ್ಕೆ ಹತ್ತಿರದ ವಿಷಯ. ನಮ್ಮ ಫಾರ್ಮ್ ಕನ್ನಡದಲ್ಲಿತ್ತು. ಕನ್ನಡದಲ್ಲಿ ಕೇಳಿದರೆ ಜನ ಕನ್ನಡದಲ್ಲೇ ಬರೀತಾರೆ, ಅದು ಖುಷಿಯ ವಿಷಯವೇ. ಆದ್ರೆ ಪಾರ್ಸ್ ಮಾಡೋಳ ಗತಿ?

ಕೆಲವರು ೫/೭/೨೦೨೫ ಅಂತ ಬರೆದಿದ್ದರು. ನಾನು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ. ನಿಜ ಹೇಳ್ಬೇಕಂದ್ರೆ ೬ ಮತ್ತು ೯ ಯಾವುದು ಯಾವುದು ಅಂತ ನಾನೇ ೧ರಿಂದ ಬೆರಳು ಮಡಚಿ ಎಣಿಸಿ ನೋಡಬೇಕಾಯ್ತು. ಪೈಥಾನ್‌ಗೆ ಆ ಕಷ್ಟ ಇಲ್ಲ! ಇಂಟ್ ಫಂಕ್ಷನ್‌ಗೆ ೨೦೨೫ ಅನ್ನೋ ಸ್ಟ್ರಿಂಗ್ ಕೊಟ್ಟು ನೋಡಿ, 2025 ಅಂತ ಸಂಖ್ಯೆ ಕೊಡುತ್ತೆ. ಯೂನಿಕೋಡ್‌ನಲ್ಲಿ ಅಂಕಿ ಅಂತ ಗುರುತು ಮಾಡಿರೋ ಯಾವ ಲಿಪಿಯ ಅಂಕಿಯನ್ನೂ ಅದು ಒಪ್ಪುತ್ತೆ. ಇದನ್ನ ಮೊದಲ ಸಲ ನೋಡಿದಾಗ ಲ್ಯಾಬ್‌ನಲ್ಲೇ ಕೂಗಿಬಿಟ್ಟೆ. ಸ್ಟ್ರಪ್‌ಟೈಮ್ ಮಾತ್ರ ಅಷ್ಟು ಉದಾರಿ ಅಲ್ಲ, ದಿನದ ಜಾಗದಲ್ಲಿ ೫ ಕಂಡರೆ ಒಪ್ಪಲ್ಲ. ಹಾಗಾಗಿ ಮೊದಲ ಹೆಜ್ಜೆಯಲ್ಲೇ ೦ಯಿಂದ ೯ರವರೆಗಿನ ಹತ್ತು ಅಂಕಿಗಳನ್ನ 0ಯಿಂದ 9ಕ್ಕೆ ಬದಲಾಯಿಸಿಬಿಡಿ. ಮೇಕ್‌ಟ್ರಾನ್ಸ್, ಟ್ರಾನ್ಸ್‌ಲೇಟ್ ಅಂತ ಸ್ಟ್ರಿಂಗ್‌ನದ್ದೇ ಎರಡು ಫಂಕ್ಷನ್ ಇವೆ, ಎರಡು ಸಾಲಿನ ಕೆಲಸ.

ತಿಂಗಳ ಹೆಸರು ಇದಕ್ಕಿಂತ ಜಿಗುಟು. ಪರ್ಸೆಂಟ್ ದೊಡ್ಡ ಬಿ ಅನ್ನೋದು ತಿಂಗಳ ಪೂರ್ತಿ ಹೆಸರು, ಆದ್ರೆ ನಾವೇನೂ ಬದಲಾಯಿಸದಿದ್ದರೆ ಅದಕ್ಕೆ ಗೊತ್ತಿರೋದು ಇಂಗ್ಲಿಷ್ ಹೆಸರು. ಕನ್ನಡಕ್ಕೆ ನಾವೇ ಒಂದು ಡಿಕ್ಷನರಿ ಮಾಡ್ಕೋಬೇಕು: ಜನವರಿಗೆ 1, ಫೆಬ್ರವರಿಗೆ 2, ಹೀಗೆ. ಹನ್ನೆರಡು ಹೆಸರು ಸಾಕು ಅಂದ್ಕೊಂಡಿದ್ದೆ. ಏಪ್ರಿಲ್ ಬರೆಯೋರೂ ಇದ್ದಾರೆ, ಎಪ್ರಿಲ್ ಬರೆಯೋರೂ ಇದ್ದಾರೆ. ಸೆಪ್ಟೆಂಬರ್, ಸಪ್ಟೆಂಬರ್, ಸೆಪ್ಟಂಬರ್. ಜುಲೈ, ಜೂಲೈ. ಯಾವುದೂ ತಪ್ಪು ಅಂತ ನಾನು ಹೇಳಲ್ಲ, ಎಲ್ಲವನ್ನೂ ಡಿಕ್ಷನರಿಗೆ ಸೇರಿಸಿದೆ.

ಅಕ್ಟೋಬರ್ ಮಾತ್ರ ಒಂದು ಇಡೀ ಸಂಜೆ ತಿಂದಿತು. ಡಿಕ್ಷನರಿಯಲ್ಲಿ ಅಕ್ಟೋಬರ್ ಇದೆ, ಸಾಲಿನಲ್ಲಿ ಅಕ್ಟೋಬರ್ ಇದೆ, ಎರಡೂ ಸಮವೇ ಅಂತ ಕೇಳಿದರೆ ಫಾಲ್ಸ್. ಕಣ್ಣು ಉಜ್ಜಿಕೊಂಡು ನೋಡಿದೆ. ಲೆನ್ ಹಾಕಿ ನೋಡಿದಾಗ ಒಂದರ ಉದ್ದ ಇನ್ನೊಂದಕ್ಕಿಂತ 2 ಜಾಸ್ತಿ! ಕಾರಣ ಟೋ ಅಕ್ಷರದ ಓತ್ವ. ಯೂನಿಕೋಡ್‌ನಲ್ಲಿ ಆ ಸ್ವರಚಿಹ್ನೆಯನ್ನ ಒಂದೇ ಕೋಡ್ ಆಗಿಯೂ ಇಡಬಹುದು, ಎತ್ವ, ಊತ್ವದ ಕೊಂಬು, ದೀರ್ಘದ ಗುರುತು ಅಂತ ಮೂರು ತುಂಡಾಗಿಯೂ ಇಡಬಹುದು. ಪರದೆ ಮೇಲೆ ಎರಡೂ ಒಂದೇ ಥರ ಕಾಣುತ್ತೆ. ಯೂನಿಕೋಡ್ ಡೇಟಾ ಅನ್ನೋ ಮಾಡ್ಯೂಲ್‌ನ ನಾರ್ಮಲೈಸ್ ಫಂಕ್ಷನ್‌ಗೆ ಎನ್‌ಎಫ್‌ಸಿ ಅಂತ ಕೊಟ್ಟರೆ ಮೂರು ತುಂಡು ಸೇರಿ ಒಂದಾಗುತ್ತೆ. ಡಿಕ್ಷನರಿಗೂ ಅದನ್ನೇ ಮಾಡಿ, ಸಾಲಿಗೂ ಅದನ್ನೇ ಮಾಡಿ, ಆಮೇಲೆ ಹೋಲಿಸಿ. "ಅಕ್ಟೋಬರ್‌ನಲ್ಲಿ" ಅಂತ ವಿಭಕ್ತಿ ಸೇರಿಸಿ ಬರೆದವರ ಸಾಲಿನಲ್ಲಿ ಅರ್ಧಾಕ್ಷರದ ಪಕ್ಕ ಕಣ್ಣಿಗೆ ಕಾಣದ ಇನ್ನೊಂದು ಗುರುತು ಕೂತಿರುತ್ತೆ, ರ ಮತ್ತು ನ ಸೇರಿ ಒತ್ತಕ್ಷರ ಆಗದಿರಲಿ ಅಂತ ಕೀಬೋರ್ಡ್ ಹಾಕೋದು. ಎನ್‌ಎಫ್‌ಸಿ ಅದನ್ನ ತೆಗೆಯಲ್ಲ, ನಾವೇ ತೆಗೀಬೇಕು. ಕನ್ನಡದಲ್ಲಿ ಯಾವ ಪ್ರಾಜೆಕ್ಟ್ ಮಾಡೋರಾದ್ರೂ ಈ ಪ್ಯಾರಾವನ್ನ ಗೋಡೆಗೆ ಅಂಟಿಸ್ಕೊಳ್ಳಿ.

ಹೊತ್ತಿನ ಕಾಲಂ ಇನ್ನೂ ಚೆಂದ. "ಸಂಜೆ ಐದೂವರೆ", "ಏಳೂಮುಕ್ಕಾಲು", "ಹತ್ತಕ್ಕೆ ಐದು ನಿಮಿಷ ಕಮ್ಮಿ". ಇಂಗ್ಲಿಷ್ ಮೀಡಿಯಂನಲ್ಲಿ ಓದಿದ್ರೂ ಮನೇಲಿ ಅಮ್ಮ ಹೇಳೋದು ಹೀಗೇ, ಹಾಗಾಗಿ ನಿಯಮ ಬರೆಯೋದು ಕಷ್ಟ ಆಗಲಿಲ್ಲ. ಕಾಲು ಅಂದ್ರೆ 15 ಕೂಡಿಸು, ವರೆ ಅಂದ್ರೆ 30, ಮುಕ್ಕಾಲು ಅಂದ್ರೆ 45. ಕನ್ನಡದ ಈ ಮೂರೂ ಮುಂದಕ್ಕೇ ಹೋಗುತ್ತೆ. ಹಿಂದಿಯ ಪೌನೇ ಆಠ್ ಎಂಟರಿಂದ ಹಿಂದಕ್ಕೆ ಹೋಗಿ ಏಳೂಮುಕ್ಕಾಲು ಆಗುತ್ತೆ. ನನ್ನ ರೂಂಮೇಟ್ ಜೊತೆ ಸಿನಿಮಾಕ್ಕೆ ಹೋಗೋವಾಗ ಇದರಿಂದ ಒಮ್ಮೆ ಒಂದು ಗಂಟೆ ಲೇಟಾಗಿದೆ.

ಕಷ್ಟ ಇರೋದು ರಾತ್ರಿಯಲ್ಲಿ. ರಾತ್ರಿ 9 ಅಂದ್ರೆ 12 ಕೂಡಿಸಿ 21 ಗಂಟೆ. ರಾತ್ರಿ 1 ಅಂದ್ರೆ? 12 ಕೂಡಿಸಿದರೆ ಮಧ್ಯಾಹ್ನ ಒಂದಾಗುತ್ತೆ. ಕೂಡಿಸಬಾರದು. ಜೊತೆಗೆ "ಶನಿವಾರ ರಾತ್ರಿ ಒಂದು ಗಂಟೆ" ಅಂತ ನಾವು ಹೇಳಿದಾಗ ಕ್ಯಾಲೆಂಡರ್ ಪ್ರಕಾರ ಅದು ಭಾನುವಾರ. ನಮ್ಮ ಮಾತಿನಲ್ಲಿ ಮಲಗಿ ಏಳುವವರೆಗೂ ದಿನ ಬದಲಾಗಲ್ಲ, ಕಂಪ್ಯೂಟರ್‌ಗೆ ಹನ್ನೆರಡಕ್ಕೆ ಬದಲಾಗುತ್ತೆ. ಹಾಗಾಗಿ ರಾತ್ರಿ ಅನ್ನೋ ಪದ ಇದ್ದು ಗಂಟೆ 12, 1, 2, 3 ಇದ್ದರೆ ತಾರೀಖಿಗೆ ಒಂದು ದಿನ ಕೂಡಿಸು ಅಂತ ಬೇರೆ ನಿಯಮ ಬರೆದೆ. "ಬೆಳಗಿನ ಜಾವ 3" ಇದ್ದರೆ ಕೂಡಿಸಬಾರದು. ಇನ್ನು "ಮೊನ್ನೆ ಕೊಟ್ಟೆ" ಅಂತ ಬರೆದವರು ಇದ್ದಾರೆ. ಮೊನ್ನೆ ಅಂದ್ರೆ ನಿನ್ನೆಯ ಹಿಂದಿನ ದಿನ ಅಂತ ಪಾಠ, ಆದ್ರೆ ನಾವು ಹದಿನೈದು ದಿನದ ಹಿಂದಿನದ್ದಕ್ಕೂ ಮೊನ್ನೆ ಅಂತೀವಿ. ಅದಕ್ಕೆ ನಿಯಮ ಬರೆಯೋಕೆ ಹೋಗಲಿಲ್ಲ. "ಯುಗಾದಿ ಮಾರನೇ ದಿನ" ಅಂತ ಒಬ್ಬರು ಬರೆದಿದ್ದರು. ಅದನ್ನ ಕ್ಯಾಲೆಂಡರ್ ನೋಡಿ ಕೈಯಲ್ಲೇ ತುಂಬಿದೆ, 2025ರ ಯುಗಾದಿ ಮಾರ್ಚ್ 30, ಹಾಗಾಗಿ ಮಾರ್ಚ್ 31.

ಫಾರ್ಮ್‌ನ ಉತ್ತರಗಳನ್ನ ಯಾರೋ ನಡುವೆ ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡಿದ್ದರು. ಅಲ್ಲೊಂದು ಸಾಲಿನಲ್ಲಿ 45843 ಅಂತ ಇತ್ತು. ಫೋನ್ ನಂಬರಿನ ತುಂಡು ಅಂದ್ಕೊಂಡೆ. ಅದು ತಾರೀಖೇ. ಎಕ್ಸೆಲ್ ಒಳಗೊಳಗೆ ತಾರೀಖನ್ನ 1900ರ ಜನವರಿ 1ರಿಂದ ಎಣಿಸಿದ ದಿನಗಳ ಸಂಖ್ಯೆಯಾಗಿ ಇಡುತ್ತೆ, 45843 ಅಂದ್ರೆ ಜುಲೈ 5, 2025. ಎಕ್ಸೆಲ್‌ನ ಈ ಉತ್ಸಾಹ ದೊಡ್ಡವರನ್ನೂ ಬಿಟ್ಟಿಲ್ಲ. ಮನುಷ್ಯರ ಕೆಲವು ಜೀನ್‌ಗಳಿಗೆ ಮಾರ್ಚ್1, ಸೆಪ್ಟ್1 ಅನ್ನೋ ಥರದ ಹೆಸರುಗಳಿದ್ದವು. ಟೈಪ್ ಮಾಡಿದ ಕೂಡಲೇ ಎಕ್ಸೆಲ್ ಅವನ್ನ ತಾರೀಖು ಮಾಡಿಬಿಡ್ತಿತ್ತು, ಪ್ರಕಟವಾದ ಸಂಶೋಧನೆಗಳ ಪಟ್ಟಿಗಳಲ್ಲೂ ಹಾಗೇ ಉಳಿದುಬಿಡ್ತಿತ್ತು. ಕೊನೆಗೆ 2020ರಲ್ಲಿ ಜೀನ್‌ಗಳಿಗೆ ಹೆಸರಿಡೋ ಸಮಿತಿ, ಇಂಥ ಜೀನ್‌ಗಳ ಹೆಸರುಗಳನ್ನೇ ಬದಲಾಯಿಸಿರೋದನ್ನ ತನ್ನ ಮಾರ್ಗಸೂಚಿಯಲ್ಲಿ ಹೇಳಿತು.

ಟೈಮ್ ಝೋನ್ ಬಗ್ಗೆ ಇನ್ನೊಂದು ಲೇಖನವೇ ಬೇಕು, ಇಲ್ಲಿ ಒಂದೇ ಮಾತು. ನಮ್ಮ ಸಮಯ ಯುಟಿಸಿಗಿಂತ ಐದೂವರೆ ಗಂಟೆ ಮುಂದೆ. ಸರ್ವರ್ ಯುಟಿಸಿಯಲ್ಲಿ ಓಡ್ತಿದ್ದರೆ, ನಾವು ಜುಲೈ 6ರ ಬೆಳಗಿನ ಜಾವ 1 ಗಂಟೆಗೆ ತುಂಬಿದ್ದನ್ನ ಅದು ಜುಲೈ 5, 19:30 ಅಂತ ಬರ್ಕೊಳ್ಳುತ್ತೆ. ಬರೀ ತಾರೀಖು ಕತ್ತರಿಸಿ ತಗೊಂಡರೆ ಒಂದು ದಿನ ಹೋಯ್ತು. ಪೈಥಾನ್ 3.9ರಿಂದ ಝೋನ್‌ಇನ್ಫೋ ಇದೆ, ಏಷ್ಯಾ/ಕೋಲ್ಕತಾ ಅಂತ ಕೊಟ್ಟು ಮೊದಲು ನಮ್ಮ ಸಮಯಕ್ಕೆ ತಂದು, ಆಮೇಲೆ ತಾರೀಖು ತೆಗೀರಿ.

ಈಗ ನನ್ನ ಪ್ರೋಗ್ರಾಂ ಹೇಗಿದೆ ಅಂದ್ರೆ, ಮೂಲ ಪಠ್ಯದ ಕಾಲಂನ ಮುಟ್ಟೋದೇ ಇಲ್ಲ. ಹಿಂದಿನ ಸಲ ಅದರ ಮೇಲೇ ಪಾರ್ಸ್ ಆದ ತಾರೀಖು ಬರೆದುಬಿಟ್ಟಿದ್ದೆ. ಫಾರ್ಮ್‌ನ ಮೂಲ ಉತ್ತರ ಗೂಗಲ್‌ನಲ್ಲಿ ಉಳಿದಿತ್ತು ಅಂತ ಬಚಾವು, ಇಲ್ಲದಿದ್ದರೆ ಮೇ 7 ಅನ್ನೋದು ನಿಜವಾದ ಮೇ 7ಓ ತಿರುಗಿದ ಜುಲೈ 5ಓ ಅಂತ ಹೇಳೋಕೆ ಯಾವ ದಾರಿಯೂ ಇರ್ತಿರಲಿಲ್ಲ. ಈಗ ಪಕ್ಕದಲ್ಲಿ ಹೊಸ ಕಾಲಂ, ಅದರಲ್ಲಿ ವರ್ಷ-ತಿಂಗಳು-ದಿನ ಕ್ರಮದಲ್ಲಿ 2025-07-05. ಇದು ಐಎಸ್‌ಒ 8601 ಅನ್ನೋ ಮಾನದಂಡದ ಕ್ರಮ, 1988ರಲ್ಲಿ ಬಂದಿದ್ದು. ದೊಡ್ಡದರಿಂದ ಚಿಕ್ಕದಕ್ಕೆ ಹೋಗೋದ್ರಿಂದ ಸ್ಟ್ರಿಂಗ್ ಆಗಿ ಜೋಡಿಸಿದರೂ ಕಾಲದ ಕ್ರಮದಲ್ಲೇ ಬರುತ್ತೆ. ನಕ್ಷೆಗಳು ಎಂಟು ಇವೆ, ಎಲ್ಲದರಲ್ಲೂ ದಿನ ಮೊದಲು. ಯಾವುದಕ್ಕೂ ಹೊಂದದಿದ್ದರೆ ಆ ಕಾಲಂ ಖಾಲಿ. ಬಂದ ತಾರೀಖು ಇವತ್ತಿಗಿಂತ ಮುಂದಿದ್ದರೆ ಅಥವಾ ಐದು ವರ್ಷಕ್ಕಿಂತ ಹಿಂದಿದ್ದರೆ ಅದೂ ಖಾಲಿ. ಈ ಒಂದು ತಪಾಸಣೆ ಮೊದಲೇ ಇದ್ದಿದ್ದರೆ ಡಿಸೆಂಬರ್ 3 ಅಲ್ಲೇ ಸಿಕ್ಕಿಬೀಳ್ತಿತ್ತು. ಖಾಲಿ ಇರೋರ ಹೆಸರು "ಕೊಡಬಹುದು" ಪಟ್ಟಿಗೂ ಹೋಗಲ್ಲ, "ಕೊಡುವಂತಿಲ್ಲ" ಪಟ್ಟಿಗೂ ಹೋಗಲ್ಲ. "ಕೇಳಿ ನೋಡಿ" ಅಂತ ಮೂರನೇ ಪಟ್ಟಿ ಮಾಡಿದ್ದೀನಿ.

ಹೊಸದಾಗಿ ತುಂಬೋರಿಗೆ ಫಾರ್ಮ್‌ನಲ್ಲಿ ಕ್ಯಾಲೆಂಡರ್ ಒತ್ತಿ ಆರಿಸೋ ಥರ ಮಾಡಿದ್ದೀನಿ. "ಇದನ್ನ ಮೊದಲೇ ಮಾಡಬಹುದಿತ್ತಲ್ಲಮ್ಮಾ" ಅಂದ್ರು ಮೆಕ್ಯಾನಿಕಲ್ ಸೀನಿಯರ್, ನಗ್ತಾ. ಹೌದು ಅಣ್ಣ, ಮಾಡಬಹುದಿತ್ತು.

ಮೂರನೇ ಪಟ್ಟಿಯಲ್ಲಿ ಈಗ ಹದಿನೇಳು ಜನ ಇದ್ದಾರೆ. "ಮೊನ್ನೆ", "ಹೋದ ಸೆಮ್‌ನಲ್ಲಿ", "ಇಂಟರ್ನಲ್ಸ್ ಆದ್ಮೇಲೆ", ಹೀಗೆ. ಈ ವಾರ ಸಂಜೆ ಹೊತ್ತು ಒಬ್ಬೊಬ್ಬರಿಗೇ ಫೋನ್ ಮಾಡ್ತಿದ್ದೀನಿ. ಗುರುತಿಲ್ಲದ ನಂಬರ್‌ನಿಂದ ಕರೆ ಬಂದು, ಯಾರೋ ಹುಡುಗಿ ನೀವು ರಕ್ತ ಕೊಟ್ಟಿದ್ದು ಯಾವತ್ತು ಅಂತ ಕೇಳಿದರೆ ದಯವಿಟ್ಟು ಕಟ್ ಮಾಡಬೇಡಿ. ಹೇಳುವಾಗ ತಿಂಗಳ ಹೆಸರು ಬಾಯಿಬಿಟ್ಟು ಹೇಳಿ.